ಸಾಲು ಮುಗಿಯುವ ಜಾಗ

"ಓದಿದೆನಲ್ಲ! ಇನ್ನೆಂತ ಮಾಡಬೇಕು? ಕಣ್ಣು ಕಿತ್ತು ನಿನ್ನ ಕೀಬೋರ್ಡಿನ ಮೇಲೆ ಇಡಬೇಕಾ?"

"ಕೂಗಬೇಡಿ ಮಾಮಾ. ಇನ್ನೊಂದು ಸಲ ಓದಿ ಅಂದೆ, ಅಷ್ಟೇ."

"ಮೂರು ಸಲ ಓದಿದ್ದೇನೆ. ಒಂದು ಅಕ್ಷರ ತಪ್ಪಿತಾ? ಹೇಳು, ತಪ್ಪಿತಾ?"

"ಇಲ್ಲ. ಅದೇ ಪ್ರಾಬ್ಲೆಮ್."

"ತಪ್ಪದಿದ್ದರೆ ಪ್ರಾಬ್ಲೆಮ್ಮಂತೆ! ಇಷ್ಟು ವರ್ಷ ನಾನು ತಪ್ಪಿದವರಿಗೆ ಬೈದೆ. ನೀನು ತಪ್ಪದವನಿಗೆ ಬೈಯುತ್ತೀಯ. ನಿಮ್ಮ ಕಂಪ್ಯೂಟರಿನ ಶಾಸ್ತ್ರವೇ ಉಲ್ಟಾ ಮಾರಾಯ್ತಿ!"

ದೇಜಪ್ಪ ಕುರ್ಚಿಯನ್ನು ಹಿಂದಕ್ಕೆ ತಳ್ಳಿದ. ಅದು ಹಿಂದಿನ ಸಾಲಿನ ಟೈಪ್‌ರೈಟರಿಗೆ ಬಡಿದು, ರೆಕ್ಸಿನ್ ಹೊದಿಕೆಯೊಳಗೆ ಯಾವುದೋ ಒಂದು ಕೀಲಿ ಟಕ್ಕೆಂದಿತು. ಯಾವ ಮಶೀನೆಂದು ಅವನಿಗೆ ಶಬ್ದದಿಂದಲೇ ತಿಳಿಯಿತು; ಕಿಟಕಿಯ ಪಕ್ಕದ್ದು, 'ಇ' ಅಕ್ಷರ ಸ್ವಲ್ಪ ಮೇಲೆ ಬೀಳುವುದು. ಭಾನುವಾರದ ಮಧ್ಯಾಹ್ನ, ಅವನ ಟೈಪಿಂಗ್ ಕ್ಲಾಸಿಗೆ ರಜೆ. ಕೆಳಗೆ ಡೊಂಬಿವಲಿಯ ತರಕಾರಿ ಗಲ್ಲಿಯಲ್ಲಿ ಮೆಂತ್ಯದ ಕಟ್ಟು ಮಾರುವವಳು ಒಂದೇ ದನಿಯಲ್ಲಿ ಕೂಗುತ್ತಿದ್ದಳು. ಹಳಿ ದುರಸ್ತಿಯ ಮೆಗಾಬ್ಲಾಕ್ ಇದ್ದುದರಿಂದ ಸ್ಟೇಷನ್ನಿನ ಕಡೆಯಿಂದ ರೈಲಿನ ಸದ್ದಿಗಿಂತ ಅನೌನ್ಸ್‌ಮೆಂಟೇ ಹೆಚ್ಚು ಬರುತ್ತಿತ್ತು. ಎದುರಿಗೆ ಮಾನಿಟರು ಬೆಳ್ಳಗೆ ಉರಿಯುತ್ತಿತ್ತು. ಅದರಲ್ಲಿ ಒಂದೊಂದು ಅಕ್ಷರವೂ ಅಂಗೈಯಷ್ಟು ದೊಡ್ಡದು ಎಂದು ರಮಿತಾ ಹೇಳಿದ್ದಳು. ಇರಬಹುದು. ಅವನು ನೆಟ್ಟಗೆ ನೋಡಿದಲ್ಲೆಲ್ಲ ಒಂದು ಕಲೆ ಬಂದು ಕೂರುತ್ತಿತ್ತು. ಕಪ್ಪಲ್ಲ, ಬೂದಿಯೂ ಅಲ್ಲ. ಬಿಸಿ ಗಂಜಿಯ ಬಟ್ಟಲಿನ ಮೇಲೆ ಕನ್ನಡಕ ಹಾಕಿಕೊಂಡು ಬಗ್ಗಿದಾಗ ಗಾಜಿಗೆ ಕೂರುತ್ತದಲ್ಲ, ಆ ಥರದ್ದು. ಒರೆಸಿದರೆ ಹೋಗುವುದಿಲ್ಲ. ಅಕ್ಷರ ಎಷ್ಟು ದೊಡ್ಡದಾದರೂ ಅದರ ಹೊಟ್ಟೆಯನ್ನು ಕಲೆ ತಿಂದು, ಬಾಲವನ್ನೋ ಮೂಲೆಯನ್ನೋ ಮಾತ್ರ ಅವನಿಗೆ ಬಿಟ್ಟುಕೊಡುತ್ತಿತ್ತು. ಆ ಬಾಲವಾದರೂ ಮೆಟ್ಟಿಲು ಮೆಟ್ಟಿಲಾಗಿತ್ತು. ದೊಡ್ಡದು ಮಾಡಿದಷ್ಟೂ ಅಂಚು ಒಡೆಯುತ್ತದೆ, ಅದನ್ನು ನಯ ಮಾಡಬೇಕು ಎಂದು ರಮಿತಾ ಎರಡು ವಾರ ಕೂತು ನಯ ಮಾಡಿದ್ದಳು. "ಈಗ ಹೇಗಿದೆ ಮಾಮಾ?" ಎಂದು ಕೇಳಿದ್ದಳು. "ಬೆಣ್ಣೆ," ಎಂದಿದ್ದ.

ಯಾಕೆ ಹಾಗೆಂದ? ಮೊದಲ ದಿನ ಸುಳ್ಳು ಹೇಳುವ ಉದ್ದೇಶ ಇರಲಿಲ್ಲ. ಅಕ್ಕನ ಮಗಳು. ಈ ಕೋಣೆಯಲ್ಲೇ, ಕೀಲಿ ಕಾಣದಂತೆ ಬೆರಳುಗಳ ಮೇಲೆ ರಟ್ಟಿನ ಪೆಟ್ಟಿಗೆ ಮುಚ್ಚಿಸಿಕೊಂಡು ಟೈಪಿಂಗ್ ಕಲಿತವಳು. ಆಮೇಲೆ ಥಾಣೆಯ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿತು, ಈಗ ವಾಶಿಯ ಒಂದು ತರಬೇತಿ ಕೇಂದ್ರಕ್ಕೆ, ಕಣ್ಣು ಮಂದ ಇರುವ ಮಕ್ಕಳು ಕಂಪ್ಯೂಟರ್ ಕಲಿಯಲೆಂದು, ತೆರೆಯ ಮೇಲಿನದನ್ನು ದೊಡ್ಡದಾಗಿ ತೋರಿಸುವ ಒಂದು ಪ್ರೋಗ್ರಾಮು ಬರೆಯುತ್ತಿದ್ದಾಳೆ. ಅದಕ್ಕೆ ಭಿಂಗ ಎಂದು ಮರಾಠಿಯ ಹೆಸರಿಟ್ಟಳು. ಅವನು ಭೂತಗನ್ನಡಿ ಎನ್ನುತ್ತಿದ್ದ. "ಭೂತ ಅಲ್ಲ ಮಾಮಾ, ಭಿಂಗ," ಎಂದು ನಗುತ್ತಿದ್ದಳು. ಮಾಮಾನ ಕಣ್ಣು ಮಂದವೆಂದಷ್ಟೇ ಅವಳಿಗೆ ಗೊತ್ತಿತ್ತು; ಅವನಿಂದ ಪರೀಕ್ಷೆ ಮಾಡಿಸಲು ಏನಾದರೂ ಇಂಗ್ಲಿಷು ಪಾಠ ಬೇಕು ಎಂದಳು. ಅವನು ತನ್ನ ಸ್ಪೀಡ್ ಪ್ರಾಕ್ಟೀಸಿನ ಹಾಳೆಯನ್ನು ಎತ್ತಿ ಕೊಟ್ಟ: ಕಲ್ಕತ್ತೆಯಿಂದ ಬಂದ ಪಿಂಗಾಣಿ ಪಾತ್ರೆಗಳ ಪೆಟ್ಟಿಗೆಗಳು ದಾರಿಯಲ್ಲಿ ಒಡೆದುಹೋದ ಬಗ್ಗೆ ಒಬ್ಬ ವ್ಯಾಪಾರಿ ಬರೆದ ತಕರಾರಿನ ಪತ್ರ. ಡಿಯರ್ ಸರ್ಸ್, ವಿ ಆರ್ ಇನ್ ರಿಸೀಟ್ ಆಫ್ ಯುವರ್ ಕನ್‌ಸೈನ್‌ಮೆಂಟ್. ಡೊಂಬಿವಲಿಯ ಅರ್ಧ ಗುಮಾಸ್ತರು ಆ ಒಡೆದ ಪಾತ್ರೆಗಳನ್ನು ಟೈಪಿನಲ್ಲಿ ಬಡಿದೇ ನೌಕರಿ ಹಿಡಿದವರು. ರಮಿತಾ ಅದನ್ನು ತೆರೆಯ ಮೇಲೆ ತಂದಳು. 'ಡಿ'ಯ ಬೆನ್ನು ಕಂಡಿತು. ಅಷ್ಟು ಸಾಕಾಯಿತು, ಉಳಿದದ್ದು ತಾನಾಗಿ ಬಾಯಿಂದ ಉರುಳಿತು, ಒಂದು ಸಾಲು, ಎರಡು ಸಾಲು. ನಿಲ್ಲಿಸಬೇಕು ಎನ್ನುವಷ್ಟರಲ್ಲಿ ಅವಳು ಕುರ್ಚಿಯಿಂದ ಎದ್ದು "ದಿಸ್ತಂಯ್! ಮಾಮಾ, ತುಮ್ಹಾಲಾ ದಿಸ್ತಂಯ್!" ಎಂದು ಅವನ ಎರಡೂ ಭುಜ ಹಿಡಿದು ಅಲ್ಲಾಡಿಸಿದಳು. ಚಿಕ್ಕವಳಿದ್ದಾಗ ಮೊದಲ ಪರೀಕ್ಷೆ ಪಾಸಾದ ದಿನವೂ ಹೀಗೇ ಅಲ್ಲಾಡಿಸಿದ್ದಳು. ಕಾಣುತ್ತಿದೆ ಎಂದು ಅವಳು ಮರಾಠಿಯಲ್ಲಿ ಹೇಳಿದ್ದನ್ನು ಇಲ್ಲವೆಂದು ಯಾವ ಭಾಷೆಯಲ್ಲಿ ಹೇಳಬೇಕೋ ಅವನಿಗೆ ಗೊತ್ತಾಗಲಿಲ್ಲ.

"ಕೂತ್ಕೊಳ್ಳಿ ಮಾಮಾ," ಎಂದಳು ರಮಿತಾ ಈಗ. "ಶನಿವಾರ ವಾಶಿಗೆ ಕೊಡಬೇಕು. ನನಗೆ ಪಕ್ಕಾ ಆಗಬೇಕು."

"ನಾನು ಪಕ್ಕಾ ಅಂದೆನಲ್ಲ."

"ನೀವು ಅಂದ್ರಿ."

ಆ ಮಾತಿನಲ್ಲಿ ಏನೋ ಇತ್ತು. ಅವನು ಅವಳ ಮುಖ ನೋಡಲು ತಿರುಗಿದ. ಮುಖ ಇರಬೇಕಾದಲ್ಲಿ ಕಲೆ. ಕಿವಿ ಕಂಡಿತು, ಕಿವಿಯ ಪುಟ್ಟ ರಿಂಗು ಕಂಡಿತು, ಹೆಗಲ ಮೇಲಿನ ದುಪಟ್ಟಾ ಕಂಡಿತು. ಮುಖ ನೋಡಬೇಕೆಂದರೆ ಮುಖದ ಪಕ್ಕದ ಗೋಡೆ ನೋಡಬೇಕು. ಆಗ ಅದು ಓರೆಯಾಗಿ, ಕದ್ದಂತೆ ಒಳಗೆ ಬರುತ್ತದೆ. ಮನೆಯಲ್ಲಿ ಹಾಗೆ ನೋಡಿದರೆ ಅವನ ಹೆಂಡತಿ, ಬಾಗಿ ಎಂಬವಳು, "ನಾನು ಇಲ್ಲಿ ಇದ್ದೇನೆ, ಗೋಡೆಗೆ ಎಂತ ಕೇಳುವುದು ಸಾರು ಬೇಕಾ ಅಂತ?" ಎನ್ನುತ್ತಾಳೆ. ಹೊರಗೆ ಹಾಗೆ ನೋಡಿದರೆ ಜನ ತಮ್ಮ ಬೆನ್ನ ಹಿಂದೆ ಯಾರೋ ಇದ್ದಾರೆಂದು ತಿರುಗುತ್ತಾರೆ. ಕಣ್ಣಿಗೆ ಕಣ್ಣಿಟ್ಟು ಮಾತಾಡದವನು ಕಳ್ಳ ಎಂದು ತಾನೇ ಎಷ್ಟು ಮಕ್ಕಳಿಗೆ ಹೇಳಿಲ್ಲ. ಕಣ್ಣು ಕಾಗದದ ಮೇಲೆ! ಬೆನ್ನು ನೆಟ್ಟಗೆ! ಕೀಲಿ ನೋಡಿದವನ ಗೆಣ್ಣಿಗೆ ಸ್ಕೇಲು! ಅಂಥವನು ಈಗ ತೆರೆಯ ಎದುರು ಕತ್ತು ಕೊಂಕಿಸಿ, ಕೋಳಿಯ ಹಾಗೆ ಓರೆಗಣ್ಣು ಮಾಡಿ ಓದುವುದೇ? ಅದಕ್ಕೇ ನೆಟ್ಟಗೆ ಕೂತು, ನೆಟ್ಟಗೆ ನೋಡಿ, ಏನೂ ಕಾಣದೆ, ಒಂದಕ್ಷರವೂ ತಪ್ಪದೆ ಓದಿದ್ದ.

ಥಾಣೆಯ ಡಾಕ್ಟರು ಕಣ್ಣಿನ ಹಿಂದಿನ ಪರದೆಯ ನಡುಭಾಗ ಸವೆದಿದೆ ಎಂದಿದ್ದರು. ಅಂಗಿಯ ಕಾಲರು ಸವೆದ ಹಾಗೆ, ಎಷ್ಟು ಸಹಜವಾಗಿ! ಕನ್ನಡಕದಿಂದ ಆಗುವುದಿಲ್ಲ, ಆಪರೇಷನ್ನಿನಿಂದಲೂ ಆಗುವುದಿಲ್ಲ, ಅಂಚು ಉಳಿಯುತ್ತದೆ, ಅಂಚಿನಲ್ಲಿ ಬದುಕುವುದನ್ನು ಅಭ್ಯಾಸ ಮಾಡಿಕೊಳ್ಳಿ. ಬಾಗಿಗೆ ಅವನು 'ನಂಬರು ಬದಲಾಗಿದೆ' ಎಂದಷ್ಟೇ ಹೇಳಿದ. ಮಳೆಗಾಲ ಮುಗಿಯುವ ಹೊತ್ತಿಗೆ ಕಲ್ಯಾಣದಿಂದ ಬರುವಾಗ ಗುಂಪಿನ ಜೊತೆ ನುಗ್ಗಿ ಒಂದು ಡಬ್ಬಿ ಹತ್ತಿದ. ಬಳೆಗಳ ಸದ್ದು. ಮಲ್ಲಿಗೆಯ ವಾಸನೆ. ಅರ್ಥವಾಗುವಷ್ಟರಲ್ಲಿ ರೈಲು ಹೊರಟಿತ್ತು. "ಓ ಕಾಕಾ, ಲೇಡೀಜ್ ಆಹೆ! ಡೋಳೆ ಫುಟ್ಲೆ ಕಾ?" ಎಂದು ಒಬ್ಬಳು ಅಂದಳು. ಕಣ್ಣು ಒಡೆದಿವೆಯೇ ಎಂದರೆ, ಹೌದು ತಾಯಿ ಎನ್ನಬಹುದಿತ್ತು. ಎಲ್ಲ ನಗೆ ನಿಂತುಹೋಗುತ್ತಿತ್ತು, ಯಾರೋ ಜಾಗವನ್ನೂ ಕೊಡುತ್ತಿದ್ದರು. ಅವನು ಅವಳ ಮೇಲೆಯೇ ರೇಗಿದ, "ಬೋರ್ಡು ಸರಿಯಾಗಿ ಬರೆಯಲಿಕ್ಕೆ ಹೇಳಿ ನಿಮ್ಮ ರೈಲ್ವೆಗೆ!" ಎಂದು ಹಿಂದಿಯಲ್ಲಿ ಕೂಗಿ, ಠಾಕುರ್ಲಿಯಲ್ಲಿ ಇಳಿದು, ಹಳಿಯ ಪಕ್ಕದ ರಸ್ತೆಯಲ್ಲಿ ಡೊಂಬಿವಲಿಯವರೆಗೆ ನಡೆದ. ಕುರುಡನಾಗುವುದಕ್ಕಿಂತ ಪೋಲಿಯಾಗುವುದು ವಾಸಿ ಎಂದು ದಾರಿಯುದ್ದಕ್ಕೂ ಅನಿಸುತ್ತಿತ್ತು.

"ಬಿಸಿಲು ಬರ್ತಿದೆ ಇಲ್ಲಿ," ಎಂದು ರಮಿತಾ ತನ್ನ ಸ್ಟೂಲನ್ನು ಎತ್ತಿಕೊಂಡು ಅವನ ಎಡಕ್ಕೆ ಬಂದು ಕೂತಳು. ಯಾವಾಗಲೂ ಬಲಕ್ಕೆ, ಮೌಸಿನ ಹತ್ತಿರ ಕೂರುವವಳು. "ಲಾಸ್ಟ್ ಟೈಮ್ ಮಾಮಾ. ಆಮೇಲೆ ಕೇಳಲ್ಲ. ದೇವರಾಣೆ."

ಅವನು ಓದಿದ. ಡಿಯರ್ ಸರ್ಸ್. ದನಿಯಲ್ಲಿ ಸಿಟ್ಟು ಇದ್ದುದರಿಂದ ಒಡೆದ ಪಿಂಗಾಣಿಯ ತಕರಾರು ಇವತ್ತು ಇನ್ನೂ ಚೆನ್ನಾಗಿ ಬರುತ್ತಿತ್ತು. ಓದುತ್ತ ಓದುತ್ತ ವಾಶಿಯ ಆ ಹುಡುಗಿ ನೆನಪಾದಳು. ಕುರ್ಲಾದಲ್ಲಿ ಗಾಡಿ ಬದಲಿಸಿ ರಮಿತಾ ಅವನನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿದ್ದಳು. ಉದ್ದನೆಯ ಕೋಣೆ, ಹೊಸ ಬಣ್ಣದ ವಾಸನೆ, ಗೋಡೆಗೆ ಒರಗಿಸಿಟ್ಟ ಕಂಪ್ಯೂಟರುಗಳು. ದಾನಮ್ಮ ಎಂಬ ಹುಡುಗಿ ಮೂಗನ್ನು ಗಾಜಿಗೆ ಹಚ್ಚಿ ಓದುತ್ತಿದ್ದಳು. ಅವಳ ಅಪ್ಪ ಅವ್ವ ಬಿಜಾಪುರದ ಕಡೆಯವರು, ಖಾರಘರದಲ್ಲಿ ಕಟ್ಟಡದ ಕೆಲಸ. ಕನ್ನಡ ಕೇಳಿದ್ದೇ ಮೂಗು ಬಿಡಿಸಿಕೊಂಡು ತಿರುಗಿದಳು. ಅವಳೂ ಅವನ ಹಾಗೆಯೇ ಅವನ ಪಕ್ಕದ ಗೋಡೆಯನ್ನು ನೋಡಿ ಮಾತಾಡಿದಳು.

"ಸರ್, ಈ ಅಕ್ಕಾರ ಮಾಡಿದ್ದರಾಗ ನಿಮಗ ಕಾಣಸ್ತದೇನ್ರಿ?"

"ಕಾಣುತ್ತದಮ್ಮ."

"ಖರೇನ ಕಾಣಸ್ತದ? ನಾ ಸಾಲಿನ ತುದೀ ಮಟಾ ಹೋಗಿ ಬಿಳೇದ್ರಾಗ ಬಿದ್ದಬಿಡ್ತೀನ್ರಿ. ಎಲ್ಲಿ ಮುಗೀತು, ಎಲ್ಲಿಂದ ಹೊಳ್ಳಿ ಬರಬೇಕು, ತಿಳಿಯಂಗಿಲ್ಲ. ತೆಲಿ ಗಿರ್ರ್ ಅಂತದ."

"ಅಭ್ಯಾಸ ಮಾಡಿದರೆ ಎಲ್ಲ ಬರುತ್ತದೆ," ಎಂದಿದ್ದ, ಟೈಪಿಂಗ್ ಮಾಸ್ತರನ ದನಿಯಲ್ಲಿ.

"ನಿಮಗ ಕಂಡರ ನನಗೂ ಕಂಡೀತು ತಗೋರಿ," ಎಂದು ಅವಳು ಗೋಡೆಗೆ ನಕ್ಕು, ಮತ್ತೆ ಮೂಗನ್ನು ಗಾಜಿಗೆ ಹಚ್ಚಿದಳು. ತಪ್ಪು ತನ್ನದೇ, ತಾನೇ ಇನ್ನಷ್ಟು ಕಷ್ಟಪಡಬೇಕು ಎನ್ನುವವಳ ಹಾಗೆ. ಆ ಗಾಜಿನ ಮೇಲೆ ಮೂಗಿನ ಎಣ್ಣೆಯ ಗುರುತು ಇತ್ತು. ಅದು ಮಾತ್ರ ಅವನಿಗೆ ಓರೆಯಲ್ಲಿ ಸ್ಪಷ್ಟವಾಗಿ ಕಂಡಿತ್ತು. ಶನಿವಾರ ಈ ಪ್ರೋಗ್ರಾಮು ಅವಳ ಎದುರಿಗೆ ಬಂದು ಕೂರುತ್ತದೆ. ಅದು ಕೆಲಸ ಮಾಡದಿದ್ದರೆ ಅವಳು ಪ್ರೋಗ್ರಾಮನ್ನು ಬೈಯುವುದಿಲ್ಲ, ತನ್ನ ಕಣ್ಣನ್ನೇ ಬೈದುಕೊಳ್ಳುತ್ತಾಳೆ. ಹೇಳಿಬಿಡು. ಈಗ ಹೇಳಿಬಿಡು. ಬಾಯಿ ಮಾತ್ರ ಪಿಂಗಾಣಿ ಪೆಟ್ಟಿಗೆಗಳನ್ನು ಒಂದೊಂದಾಗಿ ಬಿಚ್ಚುತ್ತ ಹೋಗುತ್ತಿತ್ತು.

ಅಷ್ಟರಲ್ಲಿ ಯಾರೋ ಅವನ ಎಡಗೈಯನ್ನು ಹಿಡಿದರು.

ಗಾಳಿಯಲ್ಲೇ ಹಿಡಿದರು. ಕೈ ಮೇಲೆದ್ದದ್ದೇ ಅವನಿಗೆ ಗೊತ್ತಿರಲಿಲ್ಲ. ಟೈಪ್‌ರೈಟರಿನ ಎಡಗಡೆ ಒಂದು ಹಿಡಿ ಇರುತ್ತದೆ. ಸಾಲು ಮುಗಿದಾಗ ಅದನ್ನು ಬಲಕ್ಕೆ ತಳ್ಳಿದರೆ ಕಾಗದ ಮೇಲೆ ಸರಿದು ಹೊಸ ಸಾಲು ಬರುತ್ತದೆ. ಇಷ್ಟು ವರ್ಷ ತಳ್ಳಿದ ಕೈ ಅದು, ಹಿಡಿ ಇಲ್ಲದ ಕಡೆಯೂ ಏಳುತ್ತದೆ. ರಮಿತಾಳ ಬೆರಳುಗಳು ಅವನ ಮಣಿಕಟ್ಟನ್ನು ಸುತ್ತಿಕೊಂಡಿದ್ದವು. ಸಿಟ್ಟಿನ ಹಿಡಿತವಲ್ಲ. ಹೊಳೆ ದಾಟುವಾಗ ಮಗುವನ್ನು ಹಿಡಿದ ಹಾಗೆ.

"ಇಲ್ಲಿ ಸಾಲು ಮುಗಿಯಲಿಲ್ಲ ಮಾಮಾ," ಎಂದಳು ಮೆಲ್ಲಗೆ.

"ಎಂತ?"

"ತೆರೆಯಲ್ಲಿ ಇದು ಸಾಲಿನ ನಡು. ಅಕ್ಷರ ದೊಡ್ಡದಾದ ಮೇಲೆ ಸಾಲುಗಳೆಲ್ಲ ಬೇರೆ ಕಡೆ ಒಡೆದಿವೆ. ನೀವು ಕೈ ಎತ್ತಿದ್ದು ನಿಮ್ಮ ಹಳೇ ಹಾಳೆಯಲ್ಲಿ ಸಾಲು ಮುಗಿಯುವಲ್ಲಿ. ಅದಕ್ಕೆ ಮೊದಲಿನ ಸಾಲಿಗೂ ಹಾಗೇ. ನಾನೂ ಅದೇ ಹಾಳೆ ಬಡಿದವಳಲ್ವಾ? ನನ್ನ ಕೈಯೂ ಅಲ್ಲೇ ಏಳ್ತದೆ."

ಕೆಳಗೆ ಮೆಂತ್ಯದವಳು ಕೂಗುವುದನ್ನು ನಿಲ್ಲಿಸಿದ್ದಳು. ದೇಜಪ್ಪನಿಗೆ ಮೊದಲು ಬಂದದ್ದು ಸಿಟ್ಟು. ಅವನಿಗೆ ಯಾವುದೇ ಬಂದರೂ ಮೊದಲು ಸಿಟ್ಟಿನ ಅಂಗಿ ತೊಟ್ಟೇ ಬರುತ್ತಿತ್ತು. ಕೈ ಕಿತ್ತುಕೊಂಡು, ನನ್ನ ಕ್ಲಾಸಿನಲ್ಲಿ ಕೂತು ನನ್ನನ್ನೇ ಪೊಲೀಸರ ಹಾಗೆ ಕಾಯುತ್ತೀಯಾ ಎನ್ನಬೇಕೆಂದಿದ್ದ. ಕೈಯನ್ನು ಅವಳು ಬಿಟ್ಟಿರಲಿಲ್ಲ.

"ಯಾವಾಗಿಂದ?" ಎಂದಳು.

"ಮೊದಲಿನಿಂದ."

"ಮೊದಲಿನಿಂದ ಅಂದ್ರೆ? ಒಂದೂ ಕಾಣಲಿಲ್ವಾ? ನಾನು ಅಂಚು ನಯ ಮಾಡಿದ್ದು?"

"ಇಲ್ಲ."

"ಬೆಣ್ಣೆ ಅಂದ್ರಲ್ಲ ಮಾಮಾ!" ಈಗ ಅವಳ ದನಿ ಒಡೆಯಿತು. "ಎರಡು ವಾರ! ನಾನು ಆ ಹುಡುಗಿ ಎದುರು ಇದನ್ನ ಇಟ್ಟು, ನನ್ನ ಮಾಮಾ ಓದ್ತಾರೆ ಅಂತ... ಕಿತೀ ಮೂರ್ಖ ಆಹೆ ಮೀ." ತಾನೆಂಥ ಮೂರ್ಖಳು ಎಂದು ಹಣೆ ಹೊಡೆದುಕೊಂಡ ಸದ್ದು ಕೇಳಿಸಿತು. "ನಿಮಗೆ ಕಾಣಲ್ಲ ಅಂದ್ರೆ ನಾನು ನಿಮ್ಮನ್ನ ಬಿಟ್ಟುಹೋಗ್ತಿದ್ನಾ?"

ಅದೇ ಇರಬಹುದು. ಅದಲ್ಲದೆಯೂ ಇರಬಹುದು. ಪ್ರತಿ ಸಂಜೆ ಕೊನೆಯ ಬ್ಯಾಚು ಇಳಿದುಹೋದ ಮೇಲೆ ಮೆಟ್ಟಿಲಲ್ಲಿ ಅವಳ ಚಪ್ಪಲಿಯ ಸದ್ದು ಬರುವುದನ್ನು ಅವನು ಕಾಯುತ್ತಿದ್ದ. ಬ್ಯಾಚುಗಳೂ ಸಣ್ಣವಾಗುತ್ತ ಬಂದಿದ್ದವು. ಟೈಪ್‌ರೈಟರು ಯಾರಿಗೂ ಬೇಡ. ಬೇಕಾದದ್ದು ಈ ಬಿಳಿ ತೆರೆ, ಅದರಲ್ಲಿ ಅವನು ಇಲ್ಲ. ಅವಳೊಬ್ಬಳು ಅವನನ್ನು ಅದರೊಳಗೆ ಕರೆದಿದ್ದಳು. ಬಾಗಿಲಲ್ಲೇ ಎಡವಿದೆ ಎಂದು ಹೇಳಲು ಆಗಲಿಲ್ಲ.

"ನಡುವೆ ಎಂತದೂ ಇಲ್ಲ," ಎಂದ ಕೊನೆಗೆ. ಯಾರಿಗೂ ಹೇಳದ ಮಾತು ಇಷ್ಟು ಚಿಕ್ಕದೆಂದು ಅವನಿಗೇ ಆಶ್ಚರ್ಯವಾಯಿತು. "ನೆಟ್ಟಗೆ ನೋಡಿದರೆ ಎಂತದೂ ಇಲ್ಲ. ನಿನ್ನ ಕಿವಿ ಉಂಟು, ಮುಖ ಇಲ್ಲ."

ರಮಿತಾ ಮೂಗು ಒರೆಸಿಕೊಂಡು, "ಹಾಗಾದ್ರೆ ಮುಖ ಹೇಗೆ ನೋಡ್ತೀರಿ?" ಎಂದಳು.

"ಗೋಡೆ ನೋಡುತ್ತೇನೆ."

"ನೋಡಿ."

ಅವನು ನಾಚಿಕೊಂಡ. ಐವತ್ತು ದಾಟಿದ ಗಂಡಸು, ಹುಡುಗಿ ನೋಡಲು ಬಂದವನ ಹಾಗೆ ನಾಚಿಕೊಂಡು, ಅವಳ ತಲೆಯ ಮೇಲೆ, ಮಾನಿಟರಿನ ಹಿಂದಿನ ಗೋಡೆಯಲ್ಲಿದ್ದ ಕಲ್ಯಾಣದ ಬಟ್ಟೆ ಅಂಗಡಿಯ ಕ್ಯಾಲೆಂಡರಿನ ಕಡೆ ಕಣ್ಣೆತ್ತಿದ. ಕೆಳಗಿನಿಂದ, ಮಸುಕಾಗಿ, ಅವಳ ಮುಖ ಮೆಲ್ಲನೆ ಬಂತು. ಅಕ್ಕನ ಹಣೆ. ಅತ್ತು ಊದಿದ ಮೂಗು. ಅಳುತ್ತಿದ್ದಳೆಂದು ತಿಳಿದದ್ದು ಆಗಲೇ.

"ಮೂಗು ಕೆಂಪಾಗಿದೆ," ಎಂದ.

"ಬರೋಬರ್," ಎಂದು ಅವಳು ನಕ್ಕಳು. ಅಳುತ್ತಲೇ ನಕ್ಕಳು. ನಕ್ಕು ಕೀಬೋರ್ಡು ಎಳೆದುಕೊಂಡಳು.

ಆಮೇಲಿನದೆಲ್ಲ ಸದ್ದು. ಅವಳ ಬೆರಳುಗಳು ಓಡುವ ಸದ್ದು, ಅವುಗಳಲ್ಲಿ ಅವನು ಕಲಿಸಿದ ತಾಳ. ಎಡಗಿರುಬೆರಳು ಇನ್ನೂ ಸೋಮಾರಿ. ಕಂಪ್ಯೂಟರಿನ ಹೊಟ್ಟೆಯ ಗುರುಗುರು. "ಸುಟ್ಟುಹೋಗ್ಲಿ" ಎಂದು ಒಮ್ಮೆ, "ಹಾಂ" ಎಂದು ಒಮ್ಮೆ. ನಡುನಡುವೆ ಕೇಳುತ್ತಿದ್ದಳು: ಸಾಲನ್ನು ತೆರೆಯ ಕೆಳಗಿನ ಅಂಚಿಗೆ ಇಟ್ಟರೆ? ಮೇಲೆ ಕ್ಯಾಲೆಂಡರು ನೋಡಿ, ಈಗ? ಇಷ್ಟು ದೊಡ್ಡದು ಬೇಕಾ, ಚಿಕ್ಕದಾದರೆ? "ಚಿಕ್ಕದು ಮಾಡು." ಇನ್ನೂ? "ಇನ್ನೂ ಸ್ವಲ್ಪ. ಅಲ್ಲೇ, ಅಲ್ಲೇ ನಿಲ್ಲಿಸು!" ನಾನು ದೊಡ್ಡದು ಮಾಡುತ್ತಾ ಹೋದೆ, ಅದು ನಿಮ್ಮ ಕಲೆಯೊಳಗೇ ಹೋಯಿತು, ಎಂದು ತನಗೆ ತಾನೇ ಹೇಳಿಕೊಂಡಳು. ಕಣ್ಣು ಓಡುವುದು ಬೇಡ, ನೀವು ಕ್ಯಾಲೆಂಡರಿನ ಮೇಲೇ ಇರಿ, ಅಕ್ಷರಗಳೇ ಕೆಳಗೆ ಸಾಲಾಗಿ ನಡೆದು ಬರಲಿ, ಎಂದಳು. ಅಕ್ಷರಗಳು ನಡೆದು ಬಂದವು. ಮಂಜಿನಲ್ಲಿ ಗದ್ದೆಯ ಅಂಚಿನ ಮೇಲೆ ಜನ ಬರುವ ಹಾಗೆ, ಮೊದಲು ಉದ್ದ, ಆಮೇಲೆ ಅಗಲ, ಆಮೇಲೆ ಇಂಥವರು. ಎಷ್ಟೋ ಜನ ಗುರುತು ಸಿಗದೆಯೇ ದಾಟಿಹೋದರು. ಕತ್ತು ನೋಯಿತು. ಅವನು ಬೈದ. ಅವಳು ವೇಗ ಇಳಿಸಿದಳು.

"ದಾನಮ್ಮ ಬಿಳೇದ್ರಾಗ ಬೀಳ್ತಾಳಲ್ಲ, ಅದಕ್ಕೆ," ಎಂದು ಆ ಹುಡುಗಿಯ ಮಾತನ್ನೇ ಅನುಕರಿಸಿ, ಇನ್ನೇನನ್ನೋ ಸೇರಿಸಿದಳು. ಏನೆಂದು ಹೇಳಲಿಲ್ಲ. ಆಮೇಲೆ ಬ್ಯಾಗಿನ ಜಿಪ್ಪು ಎಳೆದು ಒಂದು ಕಾಗದ ತೆಗೆದು ಪಟಪಟನೆ ಅದನ್ನು ಕಂಪ್ಯೂಟರಿಗೆ ಬಡಿದಳು.

"ಎಂತದು ಅದು?"

"ಪಿಂಗಾಣಿ ಅಲ್ಲ. ನೀವು ಇದುವರೆಗೆ ಓದದ್ದು. ಓದ್ತಾ ಇರಿ, ಚಾಯ್ ಹೇಳಿ ಬರ್ತೇನೆ."

"ನೀನು ಇರು. ತಪ್ಪಿದರೆ ಯಾರು ಹೇಳುವುದು?"

ಅವಳು ಅವನ ಹಿಂದೆ ಬಂದು ನಿಂತಳು. ಅವನ ತಲೆಯ ಮೇಲೆ ಗಲ್ಲ ಊರಿದಳೋ, ಕೈ ಇಟ್ಟಳೋ, ಏನೋ ಒಂದು ಬೆಚ್ಚಗಿನದು ಒಂದು ಕ್ಷಣ ಕೂತು ಎದ್ದುಹೋಯಿತು. "ಎಡಗೈ ಬಿಟ್ಟುಬಿಡಿ ಮಾಮಾ, ಏಳುವಾಗ ಏಳ್ಲಿ," ಎಂದಳು. ಬಾಗಿಲು ಕಿರ್ರೆಂದಿತು. ಮೆಟ್ಟಿಲಲ್ಲಿ ಚಪ್ಪಲಿಯ ಸದ್ದು ಇಳಿಯಿತು, ಗಲ್ಲಿಯ ಗದ್ದಲದಲ್ಲಿ ಬೆರೆಯಿತು.

ಕ್ಯಾಲೆಂಡರು. ಕೆಳಗೆ ಒಂದು ಅಕ್ಷರ ನಡೆದು ಬಂತು. 'ಡಿ'. "ಡಿಯರ್," ಎಂದಿತು ಬಾಯಿ. ಛೀ ಎಂದು ಅವನು ತನ್ನ ಬಾಯಿಗೇ ಒಂದು ಏಟು ಕೊಟ್ಟ. ಮುಂದಿನದು ಗುಂಡಗಿತ್ತು. ಅದರ ಮುಂದೆ ಖಾಲಿ. ಡು. ಆಮೇಲೆ ಮೂರು ಅಕ್ಷರ, ಕೊನೆಯದಕ್ಕೆ ಶಿಲುಬೆಯ ಹಾಗೆ ಅಡ್ಡಗೆರೆ. ನಾಟ್. ಡು ನಾಟ್. ಬೆವರು ಬಂತು. ಹೆದರಿಕೆಯೂ ಆಯಿತು, ಮಾಡಬೇಡ ಎಂದು ಏನನ್ನು ಬರೆದಿದ್ದಾಳೆ? ಸುಳ್ಳು ಹೇಳಬೇಡಿ ಎಂದೇ? ಮುಂದಿನದನ್ನು ಎರಡು ಸಲ ತಪ್ಪು ಹೇಳಿ ಮೂರನೆಯ ಸಲ ಹಿಡಿದ. ಓಪನ್. ದ. ಆಮೇಲೆ ಬಂದದ್ದು ಲಿಡ್. ಮುಚ್ಚಳ ತೆರೆಯಬೇಡಿ, ಒಳಗೆ ಹಬೆ ಇರುವಾಗ. ಅವನು ಒಬ್ಬನೇ ಗಟ್ಟಿಯಾಗಿ ನಕ್ಕುಬಿಟ್ಟ. ಬಾಗಿಯ ಕುಕ್ಕರು! ಹೊಸ ರಬ್ಬರು ರಿಂಗು ತರಲು ಅವಳು ನಿನ್ನೆ ರಮಿತಾಳ ಕೈಗೆ ಕೊಟ್ಟ ಕಾಗದ. ನಗುತ್ತ ಇರುವಾಗಲೇ ತೆರೆಯ ಒಳಗಿನಿಂದ ಟಿಂಗ್ ಎಂದಿತು.

ಸಣ್ಣ ಗಂಟೆ. ಸಾಲು ಮುಗಿಯಲು ಇನ್ನು ಕೆಲವೇ ಅಕ್ಷರ ಎನ್ನುವಾಗ ಟೈಪ್‌ರೈಟರು ಬಾರಿಸುವಂಥದ್ದು. ಅವನ ಎಡಗೈ ತಾನಾಗಿ ಎದ್ದಿತು. ಈ ಸಲ ಸಾಲು ನಿಜವಾಗಿ ಅಲ್ಲೇ ಮುಗಿದಿತ್ತು. ಬಿಳಿ ಬಯಲು ಬರಲಿಲ್ಲ; ತೆರೆ ತಾನೇ ಹೊರಳಿ ಹೊಸ ಸಾಲಿನ ಮೊದಲನೆಯ ಅಕ್ಷರವನ್ನು ತಂದು ನಿಲ್ಲಿಸಿತು. ಕೈ ಗಾಳಿಯಲ್ಲಿ ಉಳಿಯಿತು, ಅವಳು ಹಿಡಿದ ಜಾಗದಲ್ಲಿ ಇನ್ನೂ ಸ್ವಲ್ಪ ಬಿಸಿ.

"ಮೂರು ಶಬ್ದ ತಪ್ಪಿದೆ," ಎಂದು ಬಾಗಿಲ ಕಡೆಗೆ ಕೂಗಿದ. "ರಮಿತಾ! ಒಂದು ಸಾಲಿಗೆ ಮೂರು ತಪ್ಪು! ಶನಿವಾರಕ್ಕೆ ಇದು ಆಗುವುದಿಲ್ಲ, ವಾಶಿಗೆ ಹೇಳು, ಇನ್ನೊಂದು ತಿಂಗಳು ಬೇಕು. ಗಂಟೆ ಮಾತ್ರ ಇರಲಿ, ಅದನ್ನು ತೆಗೆಯಬೇಡ. ದಾನಮ್ಮನಿಗೆ ನಾನೇ ಬಂದು ಹೇಳುತ್ತೇನೆ. ಕೇಳಿತಾ?"

ಮೆಟ್ಟಿಲಲ್ಲಿ ಚಪ್ಪಲಿಯ ಸದ್ದು ಹತ್ತಿ ಬರಲಿಲ್ಲ. ಚಹಾ ಹೇಳಲು ಇಷ್ಟು ಹೊತ್ತು ಬೇಡ; ಅಂಗಡಿ ಮೆಟ್ಟಿಲ ಬುಡದಲ್ಲೇ ಇದೆ. ಅವನು ಸ್ಟೂಲನ್ನು ನೋಡಲು ಕಿಟಕಿಯ ಕಡೆ ಕಣ್ಣು ಹಾಯಿಸಿದ. ಸ್ಟೂಲು ಓರೆಯಲ್ಲಿ ಬಂತು, ಖಾಲಿಯಾಗಿ. ಅದರ ಕಾಲಿಗೆ ಒರಗಿಸಿಟ್ಟಿರುತ್ತಿದ್ದ ಬ್ಯಾಗು ಇರಲಿಲ್ಲ. ಚಹಾ ಹೇಳಲು ಹೋಗುವವರು ಬ್ಯಾಗು ತೆಗೆದುಕೊಂಡು ಹೋಗುವುದಿಲ್ಲ. ಸ್ಟೇಷನ್ನಿನ ಅನೌನ್ಸ್‌ಮೆಂಟಿನ ಹೆಂಗಸು ಥಾಣೆಯ ಕಡೆಯ ಸ್ಲೋ ಗಾಡಿ ಬರುತ್ತಿದೆಯೆಂದು ಮೂರು ಭಾಷೆಯಲ್ಲಿ ಹೇಳಿದಳು. ಸೇತುವೆಯ ಮೇಲೆ ಜನ ಓಡುವ ಸದ್ದು, ಆಮೇಲೆ ಗಾಡಿ ಬಂದು ನಿಂತ ಸದ್ದು, ಹೊರಟ ಸದ್ದು. ಎದುರಿಗೆ ಅವಳು ಕೂತಿದ್ದರೆ ಮೂರರ ಬದಲು ಒಂದೇ ತಪ್ಪು ಎನ್ನುತ್ತಿದ್ದನೇನೋ; ಅದು ಗೊತ್ತಿದ್ದೇ ಅವಳು ಎದ್ದುಹೋಗಿರಬೇಕು.

ದೇಜಪ್ಪ ಎದ್ದು ಬಾಗಿಲು ಮುಚ್ಚಲಿಲ್ಲ. ಬೆನ್ನನ್ನು ಸಡಿಲ ಬಿಟ್ಟು, ಕತ್ತು ಕೊಂಕಿಸಿ, ಕೋಳಿಯ ಹಾಗೆ ಕೂತು, ಬಟ್ಟೆ ಅಂಗಡಿಯ ಕ್ಯಾಲೆಂಡರನ್ನು ನೋಡುತ್ತ, ಎರಡನೆಯ ಸಾಲಿನ ಮೊದಲ ಅಕ್ಷರ ಯಾವುದೆಂದು ಕಾಯತೊಡಗಿದ.